ದಾರಿ ಬಲ್ಲವರು, ದಾರಿ ಓದುವವರು

ಮೋಟಾರು ಓಡಿಸುವವರಲ್ಲಿ ಯಾರು ನಿಪುಣರು ಎಂಬ ಚರ್ಚೆ ನಮ್ಮ ಸಂಘಗಳ ಅಂಗಳದಲ್ಲಿ ಏಳುವುದು ಅಪರೂಪ. ನಾವು ಲೋಕಲ್ ಗಾಡಿಯ ಮಂದಿ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದವರ ಆಯುಷ್ಯದ ಒಳ್ಳೆಯ ಪಾಲು ಮುಖ ಕಾಣದ ಯಾರೋ ಒಬ್ಬ ಮೋಟರ್‌ಮನ್‌ನ ಕೈಯಲ್ಲಿ ಕಳೆಯುತ್ತದೆ. ಆತ ಚೆನ್ನಾಗಿ ಓಡಿಸಿದನೇ ಎಂದು ನಾವು ವಿಚಾರಿಸುವುದಿಲ್ಲ, ಗಾಡಿ ಹೊತ್ತಿಗೆ ಬಂತೇ ಎಂದಷ್ಟೇ ಕೇಳುತ್ತೇವೆ. ಆದರೂ ಈಚೆಗೆ ಒಂದು ಭಾನುವಾರ, ಉಪನ್ಯಾಸ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿಗೆ, ಆ ಚರ್ಚೆ ಎದ್ದೇಬಿಟ್ಟಿತು.

ನೆರೂಳಿನಿಂದ ಬಂದಿದ್ದ ಕಾಲೇಜು ಹುಡುಗನೊಬ್ಬ ತನ್ನ ಗೆಳೆಯನ ಪ್ರತಾಪವನ್ನು ವರ್ಣಿಸುತ್ತಿದ್ದ. ನಡುರಾತ್ರಿ ದಾಟಿದ ಮೇಲೆ ಪಾಮ್ ಬೀಚ್ ರಸ್ತೆಯಲ್ಲಿ ವಾಶಿಯಿಂದ ಬೇಲಾಪುರಕ್ಕೆ ಐದೇ ನಿಮಿಷವಂತೆ! "ಅವನು ನಮ್ಮ ನರೇನ್ ಕಾರ್ತಿಕೇಯನ್, ಅಂಕಲ್" ಎಂದ. ಅಲ್ಲೇ ಕುಳಿತಿದ್ದ ಠಾಣೆಯ ನಿವೃತ್ತರೊಬ್ಬರು ಲೋಟ ಕೆಳಗಿಟ್ಟು, "ರೇಸು ಅಂದ್ರೆ ಹುಚ್ಚು ಮಾರಾಯ. ದುಡ್ಡಿದ್ದವರ ಹುಚ್ಚು, ದುಡ್ಡಿಲ್ಲದವರ ಹುಚ್ಚು ಅಂತ ಎರಡು ಬಗೆ, ಅಷ್ಟೆ" ಎಂದರು. ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ.

ಇಬ್ಬರ ಮಾತೂ ನಮಗೆ ಸರಿಕಾಣಲಿಲ್ಲ. ಆಗ ಉತ್ತರ ಹೊಳೆಯಲಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇವೆ. ಹುಡುಗ ಮತ್ತು ಹಿರಿಯರು ಎದುರುಬದುರಾಗಿ ಕುಳಿತಿದ್ದರೂ ಇಬ್ಬರ ಕೈಯಲ್ಲಿದ್ದ ಅಳತೆಗೋಲು ಒಂದೇ: ವೇಗ. ಒಬ್ಬರು ಅದನ್ನು ಪೂಜಿಸಿದರು, ಇನ್ನೊಬ್ಬರು ಬೈದರು. ಪತ್ರಿಕೆಗಳ ಕ್ರೀಡಾಪುಟವೂ ಇದನ್ನೇ ಮಾಡುತ್ತದೆ. ಗಂಟೆಗೆ 300 ಕಿಲೋಮೀಟರ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಅದರ ಕೆಲಸ ಮುಗಿಯಿತು. ಮೊನಾಕೊ ನಗರದ ಬೀದಿಗಳಲ್ಲಿ ನಡೆಯುವ ಫಾರ್ಮುಲಾ ಒನ್ ಪಂದ್ಯದಲ್ಲಿ ಹೋಟೆಲೊಂದರ ಮುಂದೆ ಒಂದು ಕಡು ತಿರುವಿದೆ. ಜಗತ್ತಿನ ಅತಿ ದುಬಾರಿ ಕಾರುಗಳು ಅದನ್ನು ಗಂಟೆಗೆ 50 ಕಿ.ಮೀ.ಗೂ ಕಡಿಮೆ ವೇಗದಲ್ಲಿ ದಾಟುತ್ತವೆ. ನಮ್ಮ ಡೊಂಬಿವಲಿಯ ರಿಕ್ಷಾ ಅದಕ್ಕಿಂತ ಜೋರಾಗಿ ಹೋಗಬಲ್ಲದು. ಆದರೂ ಆ ತಿರುವಿನಲ್ಲೇ ಚಾಲಕರ ತಾರತಮ್ಯ ಗೊತ್ತಾಗುತ್ತದೆ ಎಂದರೆ ವೇಗದ ಅಂಕಿಯಿಂದ ನಮಗೆ ತಿಳಿಯುವುದಾದರೂ ಏನು?

ನಮ್ಮ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ. ಚಾಲಕನಿಗೆ ತನ್ನ ಮುಂದಿನ ದಾರಿ ಎಷ್ಟು ಗೊತ್ತು? ಗೊತ್ತಿಲ್ಲದ ಭಾಗವನ್ನು ಆತ ಏನು ಮಾಡುತ್ತಾನೆ? ಹೀಗೆ ಕೇಳಿ ನೋಡಿದರೆ ಮೋಟಾರು ಪಂದ್ಯಗಳು ತಾವಾಗಿಯೇ ಬೇರೆಬೇರೆ ಜಾತಿಗಳಾಗಿ ನಿಲ್ಲುತ್ತವೆ.

ಟ್ರ್ಯಾಕಿನ ಪಂದ್ಯದಲ್ಲಿ ದಾರಿ ಪೂರ್ತಿ ಗೊತ್ತು. ಚೆನ್ನೈ ಬಳಿ ಇರುಂಗಾಟುಕೋಟೈಯಲ್ಲಿರುವ ಟ್ರ್ಯಾಕು ಮೂರೂ ಮುಕ್ಕಾಲು ಕಿಲೋಮೀಟರಿಗೆ ತುಸು ಕಡಿಮೆ. ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಬುದ್ಧ ಸರ್ಕ್ಯೂಟು ಐದು ಕಿಲೋಮೀಟರಿಗೆ ತುಸು ಹೆಚ್ಚು. ಅಷ್ಟೇ ದಾರಿಯನ್ನು ಸುತ್ತಿದ್ದನ್ನೇ ಸುತ್ತಬೇಕು. ಎಲ್ಲಿ ಬ್ರೇಕು, ಎಲ್ಲಿ ಗೇರು, ತಿರುವಿನ ಒಳಮೂಲೆಯನ್ನು ಎಲ್ಲಿ ಮುಟ್ಟಬೇಕು ಎಂಬುದೆಲ್ಲ ಅಂಗುಲ ಅಂಗುಲ ಬಾಯಿಪಾಠ. ಇದು ಸಂಗೀತಗಾರ ಒಂದೇ ರಾಗವನ್ನು ವರ್ಷಗಟ್ಟಲೆ ಸಾಧನೆ ಮಾಡಿದಂತೆ. ಹೊಸದೇನೂ ಇಲ್ಲ, ಆದರೆ ಒಂದು ಸೆಕೆಂಡಿನ ನೂರರಲ್ಲೊಂದು ಭಾಗ ತಪ್ಪಿದರೆ ಕೇಳುಗರಿಗಿಂತ ಮೊದಲು ಪಕ್ಕದವನಿಗೆ ಗೊತ್ತಾಗುತ್ತದೆ.

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ಪಂದ್ಯವನ್ನು ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ. ಆದರೆ ಅರ್ಹತಾ ಓಟದಲ್ಲಿ ಹತ್ತನೆಯವರಾಗಿದ್ದವರನ್ನು ಮೊದಲಿಗೆ ನಿಲ್ಲಿಸುವುದು ಆ ಪಂದ್ಯದ ನಿಯಮ; ಆ ನಿಯಮದಿಂದಲೇ ಕುಶ್ ಮುಂದೆ ನಿಂತದ್ದು. ಹೀಗಿರಲಾಗಿ ಇದು ಅದೃಷ್ಟದ ಗೆಲುವು ಎಂದು ಯಾರಾದರೂ ಹಗುರಾಗಿ ಹೇಳಬಹುದು. ನಾವು ಒಪ್ಪುವುದಿಲ್ಲ. ಆ ಕಿರಿದಾದ ಬೀದಿಯಲ್ಲಿ ಹಿಂದಿನವನು ಮುಂದಕ್ಕೆ ಬರುವುದು ಕಷ್ಟ, ನಿಜ. ಆದರೆ ಮುಂದಿರುವವನು ಒಂದು ಮೊಳ ಅತ್ತಿತ್ತ ಸರಿದರೆ ಕಬ್ಬಿಣದ ಬೇಲಿ ಕಾದಿರುತ್ತದೆ. ಹಾಗೆ ಸರಿಯದೇ ಉಳಿಯುವುದೇ ಅಲ್ಲಿನ ವಿದ್ಯೆ.

ಬಲ್ಲ ದಾರಿಗೂ ಒಂದು ಅಪಾಯವಿದೆ. 1988ರಲ್ಲಿ ಇದೇ ಮೊನಾಕೊದಲ್ಲಿ ಬ್ರೆಜಿಲ್ ದೇಶದ ಐರ್ಟನ್ ಸೆನ್ನಾ ತನ್ನ ತಂಡದವನೇ ಆದ ಅಲೈನ್ ಪ್ರಾಸ್ಟ್‌ಗಿಂತ ಐವತ್ತು ಸೆಕೆಂಡುಗಳಷ್ಟು ಮುಂದಿದ್ದ. ಇನ್ನು ಗಡಿಬಿಡಿ ಬೇಡ, ನಿಧಾನಿಸು ಎಂದು ತಂಡದವರು ಸೂಚಿಸಿದರು. ಆತ ನಿಧಾನಿಸಿದ. 78 ಸುತ್ತುಗಳಲ್ಲಿ 67ನೆಯದರಲ್ಲಿ ಕಾರನ್ನು ಬೇಲಿಗೆ ಒರೆಸಿ, ಅಲ್ಲೇ ಹತ್ತಿರವಿದ್ದ ತನ್ನ ಮನೆಗೆ ನಡೆದುಹೋದ! ಜೋರಾಗಿ ಓಡಿಸುವಾಗ ತಪ್ಪದ ಕೈ ನಿಧಾನಿಸಿದಾಗ ತಪ್ಪಿತು. ಅತಿ ಪರಿಚಯದ ದಾರಿಯಲ್ಲಿ ಮನಸ್ಸು ತೂಕಡಿಸುತ್ತದೆ ಎಂಬುದು ದಿನವೂ ಅದೇ ಕಚೇರಿಗೆ ಹೋಗಿ ಬರುವ ನಮಗೆ ಹೊಸತಲ್ಲ.

ಈ ಟ್ರ್ಯಾಕಿನ ವಿದ್ಯೆ ನಮ್ಮಂಥ ಮಧ್ಯಮ ವರ್ಗದ ಮನೆಗಳಿಗೆ ಎಟುಕದ್ದು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಎಂಟು ಹತ್ತು ವರ್ಷಕ್ಕೇ ಮಗು ಕಾರ್ಟ್ ಗಾಡಿ ಹತ್ತಬೇಕು, ಹದಿಹರೆಯದಲ್ಲಿ ಯುರೋಪು ಸೇರಬೇಕು, ಮೇಲಿನ ಹಂತದಲ್ಲಿ ಒಂದು ಋತುವಿಗೆ ಕೋಟಿಗಟ್ಟಲೆ ರೂಪಾಯಿ ಸುರಿಯಬೇಕು. ಠಾಣೆಯ ಹಿರಿಯರು ದುಡ್ಡಿದ್ದವರ ಹುಚ್ಚು ಎಂದದ್ದು ಇಷ್ಟರ ಮಟ್ಟಿಗೆ ನಿಜ. ದುಡ್ಡೊಂದೇ ಸಾಲದು ಎಂಬುದಕ್ಕೂ ಸಾಕ್ಷಿಯಿದೆ. 2008ರಿಂದ 2018ರವರೆಗೆ ಭಾರತದ ಹೆಸರನ್ನು ಮೈಮೇಲೆ ಬರೆಸಿಕೊಂಡು ಫೋರ್ಸ್ ಇಂಡಿಯಾ ತಂಡ ಓಡಿತು. ಪಂದ್ಯದ ದಿನ ಅದರ ಆಸನದಲ್ಲಿ ಒಬ್ಬ ಭಾರತೀಯನೂ ಕುಳಿತದ್ದಿಲ್ಲ.

ರ‍್ಯಾಲಿಯ ಕಥೆ ಬೇರೆ. ಇಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವ ನೋಟವಿಲ್ಲ. ಒಂದಾದ ಮೇಲೊಂದರಂತೆ ಕಾರುಗಳನ್ನು ಬಿಡುತ್ತಾರೆ, ಎದುರಾಳಿ ಎಂದರೆ ಗಡಿಯಾರ. ದಾರಿಯೂ ಸುತ್ತುವ ದಾರಿಯಲ್ಲ, ಊರಿನ ಮಣ್ಣುದಾರಿ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆದಿದೆ. ಆ ಕಡೆಯವರಿಗೆ ಆ ದಾರಿಗಳು ಹೇಗಿರುತ್ತವೆಂದು ಹೇಳಬೇಕಾಗಿಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಸಿಲ್ವರ್ ಮರ, ಮಳೆ ಬಿದ್ದರೆ ಕೆಂಪು ಕೆಸರು, ಬಿಸಿಲು ಬಿದ್ದರೆ ಕೆಂಪು ಧೂಳು. ನಮಗೆ ಹತ್ತಿರದಲ್ಲಿ, ಕಸಾರಾ ಘಾಟಿ ಹತ್ತಿದರೆ ಸಿಗುವ ನಾಸಿಕದಲ್ಲೂ ರಾಷ್ಟ್ರೀಯ ರ‍್ಯಾಲಿಯ ಸುತ್ತು ನಡೆದದ್ದುಂಟು.

ಈ ದಾರಿಯನ್ನು ಚಾಲಕ ಮೊದಲೇ ಒಂದೆರಡು ಸಲ ನಿಧಾನವಾಗಿ ನೋಡಿರುತ್ತಾನೆ, ಅಷ್ಟೆ. ನೂರಾರು ತಿರುವುಗಳನ್ನು ಬಾಯಿಪಾಠ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ಎರಡನೆಯ ಮನುಷ್ಯ ಬರುತ್ತಾನೆ. ಪಕ್ಕದ ಆಸನದಲ್ಲಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಆತ ಓದುತ್ತಾ ಹೋಗುತ್ತಾನೆ: ಎಡ ನಾಲ್ಕು, ಎಂಬತ್ತು, ಬಲ ಎರಡು, ಒಳಕ್ಕೆ ಕೊಯ್ಯಬೇಡ, ಕಲ್ಲಿದೆ. ತಿರುವು ಎಷ್ಟು ಕಡಿದು ಎಂಬುದಕ್ಕೆ ಒಂದು ಅಂಕಿ, ಮುಂದಿನ ತಿರುವಿಗೆ ಎಷ್ಟು ಮೀಟರು ಎಂಬುದಕ್ಕೆ ಇನ್ನೊಂದು. ಚಾಲಕ ದಿಬ್ಬದ ಆಚೆ ಏನಿದೆಯೆಂದು ನೋಡದೆಯೇ, ಕೇಳಿದ್ದನ್ನು ನಂಬಿ ಕಾರನ್ನು ಹಾರಿಸುತ್ತಾನೆ. ಓದುವವನು ಒಂದು ತಿರುವು ಮೊದಲೇ ಹೇಳಿದರೆ ಚಾಲಕ ಮರೆಯುತ್ತಾನೆ. ಒಂದು ಕ್ಷಣ ತಡವಾಗಿ ಹೇಳಿದರೆ ಹೇಳಿ ಪ್ರಯೋಜನವಿಲ್ಲ. ಇಷ್ಟಕ್ಕೂ ಓದುವವನು ತಲೆ ತಗ್ಗಿಸಿ ಪುಸ್ತಕ ನೋಡುತ್ತಿರಬೇಕು. ದಾರಿ ಎಲ್ಲಿಗೆ ಬಂತೆಂಬುದನ್ನು ಬಹುಪಾಲು ಮೈಯ ಕುಲುಕಾಟದಿಂದಲೇ ತಿಳಿಯಬೇಕು.

ನಮಗೆ ಇದನ್ನು ಕೇಳಿದಾಗ ನೆನಪಾಗುವುದು ಯಕ್ಷಗಾನದ ಭಾಗವತರು. ಕುಣಿಯುವವನ ಮೇಲೆ ಎಲ್ಲರ ಕಣ್ಣು. ಆದರೆ ಪದ ಎತ್ತುವ ಹೊತ್ತನ್ನು, ಕಾಲವನ್ನು, ನಿಲುಗಡೆಯನ್ನು ಹಿಡಿದಿರುವವರು ಹಿಂದೆ ಕುಳಿತವರು. ವ್ಯತ್ಯಾಸವಿಷ್ಟೇ, ಭಾಗವತರು ತಪ್ಪಿದರೆ ಆಟ ಕೆಡುತ್ತದೆ, ಇಲ್ಲಿ ಮರಕ್ಕೆ ಬಡಿಯುತ್ತದೆ.

ಈ ಪಕ್ಕದ ಆಸನದಲ್ಲಿ ನಮ್ಮ ದೇಶದಲ್ಲಿ ಬಹುಕಾಲ ಹೆಸರು ಮಾಡಿದವರು ಕಾಸರಗೋಡು ಜಿಲ್ಲೆಯ ಮೊಗ್ರಾಲಿನ ಮೂಸಾ ಶರೀಫ್. ಮೂರು ದಶಕದಲ್ಲಿ ನೂರಾರು ರ‍್ಯಾಲಿ, ಹಲವು ಸಲ ರಾಷ್ಟ್ರೀಯ ಪ್ರಶಸ್ತಿ. 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದ, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ನಮ್ಮ ದೇಶದ ರ‍್ಯಾಲಿಗಳಲ್ಲಿ ಇವರನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. ಗಿಲ್ ಹೆಸರು ಪತ್ರಿಕೆಗಳಲ್ಲಿ ಬಂದಷ್ಟು ಶರೀಫರ ಹೆಸರು ಬಂದಿಲ್ಲ. ನಮ್ಮ ಕರಾವಳಿ ಮೂಲದ ಎಷ್ಟು ಮನೆಗಳಲ್ಲಿ ಈ ಹೆಸರು ಗೊತ್ತಿದೆಯೋ ಸಂಶಯ. ಕರ್ಣನ ಶೌರ್ಯವನ್ನು ಕೊಂಡಾಡುವಷ್ಟು ಶಲ್ಯನ ಸಾರಥ್ಯವನ್ನು ಯಾರೂ ವಿಚಾರಿಸಲಿಲ್ಲವಲ್ಲ, ಹಾಗೆ.

ಮುಂಬಯಿಗೂ ಇಂಥ ಓಟಗಳಿಗೂ ಹಳೆಯ ನಂಟು. 1980ರಲ್ಲಿ ಮೊದಲ ಹಿಮಾಲಯನ್ ರ‍್ಯಾಲಿ ಹೊರಟದ್ದು ಬ್ರಬೋರ್ನ್ ಸ್ಟೇಡಿಯಮ್ಮಿನಿಂದ. ಅದನ್ನು ಗೆದ್ದವರು ಉಗಾಂಡದಲ್ಲಿ ಹುಟ್ಟಿ, 1972ರಲ್ಲಿ ಅಲ್ಲಿಂದ ಹೊರಬೀಳಬೇಕಾಗಿ ಬಂದು ಕೆನ್ಯಾ ಸೇರಿದ ಭಾರತೀಯ ಮೂಲದ ಶೇಖರ್ ಮೆಹತಾ. ಆಫ್ರಿಕದ ಸಫಾರಿ ರ‍್ಯಾಲಿಯನ್ನು ಐದು ಸಲ ಗೆದ್ದವರು ಅವರು. ಕೆಲವು ರ‍್ಯಾಲಿಗಳಲ್ಲಿ ಅವರ ಪಕ್ಕ ಕುಳಿತು ದಾರಿ ಓದಿದವರು ಹೆಂಡತಿ ಇವಾನ್. ಗಂಡ ಹೆಂಡತಿ ಕಾರಿನಲ್ಲಿ ದಾರಿ ಹುಡುಕುತ್ತಾ ಹೋಗುವುದು ಎಂಥ ಪರೀಕ್ಷೆ ಎಂಬುದು ಓದುಗರಿಗೆ ತಿಳಿಯದ್ದಲ್ಲ.

ಅದಕ್ಕೂ ಹಿಂದೆ, 1968ರ ನವೆಂಬರ್ 24ರಂದು ಲಂಡನ್ನಿನಿಂದ ಹೊರಟ ಸಿಡ್ನಿ ಮ್ಯಾರಥಾನ್ ರ‍್ಯಾಲಿಯ ಕಾರುಗಳು ಯುರೋಪು, ತುರ್ಕಿ, ಇರಾನು, ಅಫಘಾನಿಸ್ತಾನ ದಾಟಿ ಮುಂಬಯಿಗೆ ಬಂದು ಇಲ್ಲಿ ಹಡಗು ಹತ್ತಿದವು. ಮುಂಬಯಿಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಇಂಗ್ಲೆಂಡಿನ ರೋಜರ್ ಕ್ಲಾರ್ಕ್. ಆಸ್ಟ್ರೇಲಿಯದಲ್ಲಿ ಕ್ಲಾರ್ಕನ ಕಾರು ಕೈಕೊಟ್ಟಿತು. ಕೊನೆಯ ಹಂತದಲ್ಲಿ ಮುಂದಿದ್ದ ಬೆಲ್ಜಿಯಮಿನ ಬಿಯಾಂಕಿಯ ಕಾರಿಗೆ, ಇನ್ನೇನು ಗುರಿ ಬಂತು ಎನ್ನುವಾಗ, ಎದುರಿನಿಂದ ಬಂದ ಕಾರೊಂದು ಡಿಕ್ಕಿ ಹೊಡೆಯಿತು. ಗೆದ್ದದ್ದು ಹಿಲ್‌ಮನ್ ಹಂಟರ್ ಎಂಬ ಸಾದಾ ಕುಟುಂಬದ ಕಾರಿನಲ್ಲಿ ಕುಳಿತಿದ್ದ ಸ್ಕಾಟ್ಲೆಂಡಿನ ಆಂಡ್ರ್ಯೂ ಕೋವನ್. ಹತ್ತು ಸಾವಿರ ಮೈಲಿಗಳ ಓಟದಲ್ಲಿ ಆತ ಅತಿ ವೇಗದವನೆಂದು ಯಾರೂ ಹೇಳಿರಲಿಲ್ಲ.

ದಾರಿ ಅರ್ಧ ಗೊತ್ತಿದ್ದವರ ವಿಚಾರ ಇದಾದರೆ, ಏನೂ ಗೊತ್ತಿಲ್ಲದವರ ಪಂದ್ಯ ಮರಳುಗಾಡಿನದು. ಡಕಾರ್ ರ‍್ಯಾಲಿಯಲ್ಲಿ ದಾರಿಯನ್ನು ಮುಂಚೆ ಹೋಗಿ ನೋಡುವಂತಿಲ್ಲ. ದಿಕ್ಕು, ದೂರ, ಅಪಾಯದ ಗುರುತುಗಳಿರುವ ಒಂದು ದಾರಿಪಟ್ಟಿಯನ್ನು ಕೊಡುತ್ತಾರೆ. ಕಾರಿನವರಿಗೆ ಅದನ್ನು ಓದಲು ಪಕ್ಕದಲ್ಲಿ ಜನವಿದ್ದಾರೆ. ಬೈಕಿನವನಿಗೆ ಯಾರೂ ಇಲ್ಲ. ಕಲ್ಲು ಮರಳುಗಳ ಮೇಲೆ ನಿಂತು ಓಡಿಸುತ್ತಾ, ಹ್ಯಾಂಡಲಿನ ಮೇಲೆ ಸರಿಯುವ ಪಟ್ಟಿಯನ್ನು ತಾನೇ ಓದುತ್ತಾ, ಓದಿದ್ದನ್ನು ಎದುರಿನ ದಿಬ್ಬಕ್ಕೆ ಹೊಂದಿಸುತ್ತಾ ಹೋಗಬೇಕು. ಎರಡು ವಾರ, ದಿನಕ್ಕೆ ನೂರಾರು ಕಿಲೋಮೀಟರು.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಇದಕ್ಕೆ ಹೋದ ಮೊದಲ ಭಾರತೀಯ. ಹೊರಟ ಬೈಕುಗಳಲ್ಲಿ ಸುಮಾರು ಅರ್ಧ ಮಾತ್ರ ಮುಗಿಸಿದ ಆ ವರ್ಷ ಅವರು 36ನೆಯವರಾಗಿ ಬಂದರು. ನಮ್ಮ ಪತ್ರಿಕೆಗಳ ಲೆಕ್ಕದಲ್ಲಿ 36ನೆಯ ಸ್ಥಾನ ಎಂದರೆ ಸುದ್ದಿಯೇ ಅಲ್ಲ. 2021ರಲ್ಲಿ ಸೌದಿ ಅರೇಬಿಯದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದಾಗಲೇ ಬಹಳ ಜನ ಅವರ ಹೆಸರು ಕೇಳಿದ್ದು. ಉಡುಪಿಯ ಕೆ.ಪಿ. ಅರವಿಂದ್ ಅವರದೂ ಹೀಗೆಯೇ. 2017, 2018ರಲ್ಲಿ ನಡುವೆಯೇ ಬಿಟ್ಟು ಬರಬೇಕಾಯಿತು, 2019ರಲ್ಲಿ ಪೆರು ದೇಶದ ಮರಳಿನಲ್ಲಿ 37ನೆಯವರಾಗಿ ಮುಗಿಸಿದರು. ನಮ್ಮ ಮನೆಗಳಲ್ಲಿ ಅವರನ್ನು ಗುರುತಿಸುವುದು ಇದರಿಂದಲ್ಲ, 2021ರ ಬಿಗ್ ಬಾಸ್ ಕನ್ನಡದಲ್ಲಿ ಎರಡನೆಯವರಾಗಿದ್ದರಿಂದ! ಇರಲಿ, ಅದೂ ಒಂದು ಬಗೆಯ ಮರಳುಗಾಡೇ. ಇದೇ ಡಕಾರನ್ನು 1987ರಿಂದ 1990ರವರೆಗೆ ಸತತ ನಾಲ್ಕು ಸಲ ಗೆದ್ದ ಪೆಜೋ ಕಂಪನಿಯ 309 ಕಾರು 1990ರ ದಶಕದಲ್ಲಿ ಕೆಲವು ವರ್ಷ ನಮ್ಮ ಕಲ್ಯಾಣದಲ್ಲೇ ತಯಾರಾಗುತ್ತಿತ್ತು ಎಂಬುದನ್ನು ಇಲ್ಲಿನ ಹಳಬರು ಮರೆತಿರಲಾರರು.

ಒಂದು ಜಾತಿಯ ವಿದ್ಯೆ ಇನ್ನೊಂದಕ್ಕೆ ಸಲ್ಲುತ್ತದೆಯೇ? ಸಲೀಸಾಗಿ ಸಲ್ಲುವುದಿಲ್ಲ. 2007ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಫಿನ್ಲೆಂಡಿನ ಕಿಮಿ ರೈಕೊನೆನ್ 2010, 2011ರಲ್ಲಿ ವಿಶ್ವ ರ‍್ಯಾಲಿಗೆ ಬಂದ. ಐದನೆಯ ಸ್ಥಾನಕ್ಕಿಂತ ಮೇಲೆ ಬರಲಾಗಲಿಲ್ಲ. ಬಾಯಿಪಾಠ ಮಾಡಿದವನಿಗೆ ಕಿವಿಯಿಂದ ಕೇಳಿ ಓಡಿಸುವುದು ಒಗ್ಗಲಿಲ್ಲ. ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ 2004ರಿಂದ ಸತತ ಒಂಬತ್ತು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್. ಒಂಬತ್ತು ಸಲವೂ ಪಕ್ಕದಲ್ಲಿ ಓದಿದವನು ಡೇನಿಯಲ್ ಎಲೆನಾ ಒಬ್ಬನೇ. ಅಂಥ ಲೋಬ್ ಡಕಾರ್‌ನಲ್ಲಿ 2017, 2022, 2023ರಲ್ಲಿ ಎರಡನೆಯವನಾಗಿ ನಿಂತ. ಎರಡೂ ವಿದ್ಯೆ ಒಲಿದವನು ಸ್ಪೇನಿನ ಕಾರ್ಲೋಸ್ ಸೈನ್ಸ್. 1990 ಮತ್ತು 1992ರಲ್ಲಿ ವಿಶ್ವ ರ‍್ಯಾಲಿ, ಆಮೇಲೆ ನಾಲ್ಕು ಸಲ ಡಕಾರ್. ಕೊನೆಯ ಸಲ ಗೆದ್ದಾಗ, 2024ರಲ್ಲಿ, ವಯಸ್ಸು 61. ಅದೇ ಹೆಸರಿನ ಮಗ ಫಾರ್ಮುಲಾ ಒನ್ ಚಾಲಕ, 2022ರಲ್ಲಿ ಸಿಲ್ವರ್‌ಸ್ಟನ್‌ನಲ್ಲಿ ಗೆದ್ದವನು. ಮಗನ ಪಂದ್ಯದಲ್ಲಿ ಅರವತ್ತರ ಮನುಷ್ಯನಿಗೆ ಜಾಗವೇ ಇಲ್ಲ. ತಂದೆಯ ಪಂದ್ಯದಲ್ಲಿ ನೆಲವನ್ನು ನೋಡಿ ಅದರ ಮನಸ್ಸು ತಿಳಿಯುವ ಅಭ್ಯಾಸಕ್ಕೆ ವಯಸ್ಸು ನೆರವಾಗುತ್ತದೆ. ನಮ್ಮನ್ನು ಯಾವುದು ಮೇಲೆಂದು ಕೇಳಿದರೆ ತಂದೆಯ ಪಕ್ಷ ವಹಿಸುತ್ತೇವೆ. ಮಗನ ಪಕ್ಷದವರು ಸಿಟ್ಟಾಗಬಾರದು.

ವೇಗವೇ ಬೇಡದ ಇನ್ನೊಂದು ಬಗೆಯನ್ನೂ ಹೇಳಿಬಿಡಬೇಕು. ಇಂತಿಷ್ಟು ದೂರವನ್ನು ಇಂತಿಷ್ಟು ಸರಾಸರಿ ವೇಗದಲ್ಲಿ, ಸಂಚಾರದ ನಿಯಮ ಮೀರದೆ ಕ್ರಮಿಸುವ ರ‍್ಯಾಲಿ ಅದು. ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಮಹಿಳೆಯರಿಗಾಗಿ ಇಂಥ ರ‍್ಯಾಲಿಗಳನ್ನು ನಡೆಸಿದೆ. ಬೇಕಾಗುವುದು ಮನೆಯ ಕಾರು, ಒಂದು ಗಡಿಯಾರ, ಲೆಕ್ಕ ತಪ್ಪದ ತಲೆ. ತಿಂಗಳ ಸಂಬಳದಲ್ಲಿ ಮೂವತ್ತು ದಿನ ದಾಟಿಸಿದ ನಮ್ಮ ಗೃಹಿಣಿಯರಿಗೆ ಇದು ಕಷ್ಟವಾಗಲಾರದು.

ಈಗ ಪಾಮ್ ಬೀಚ್ ರಸ್ತೆಗೆ ಬರೋಣ. ಹತ್ತು ಕಿಲೋಮೀಟರಿನಷ್ಟು ಅಗಲವಾದ ನುಣುಪು ದಾರಿ, ಒಂದು ಬದಿಗೆ ಖಾರಿಯ ಕಾಂಡ್ಲಾ ಪೊದೆ, ಇನ್ನೊಂದು ಬದಿಗೆ ಕಟ್ಟಡಗಳು. ಐದು ನಿಮಿಷದಲ್ಲಿ ಮುಗಿಸಬೇಕಾದರೆ ಸರಾಸರಿ 120 ಕಿ.ಮೀ. ವೇಗ. ಆ ಗೆಳೆಯನಿಗೆ ದಾರಿ ಬಾಯಿಪಾಠವಿರಬಹುದು. ಆದರೆ ಆ ರಾತ್ರಿ ಸಾನ್‌ಪಾಡಾದ ಬಳಿ ಯಾರು ರಸ್ತೆ ದಾಟುತ್ತಾರೆ, ಯಾವ ಟ್ಯಾಂಕರು ದೀಪವಿಲ್ಲದೆ ನಿಂತಿದೆ ಎಂಬುದನ್ನು ಆತನಿಗೆ ಓದಿ ಹೇಳುವವರು ಯಾರು? ಟ್ರ್ಯಾಕಿನವನಿಗೆ ಬೇಲಿಯಿದೆ, ರ‍್ಯಾಲಿಯವನಿಗೆ ಪಕ್ಕದವನಿದ್ದಾನೆ, ಮರಳುಗಾಡಿನವನಿಗೆ ಕೈಯಲ್ಲಿ ಪಟ್ಟಿಯಿದೆ, ಅದಕ್ಕಿಂತ ಹೆಚ್ಚಾಗಿ ತನಗೆ ಗೊತ್ತಿಲ್ಲವೆಂಬ ತಿಳಿವಳಿಕೆಯಿದೆ. ಈತನಿಗೆ ಯಾವುದೂ ಇಲ್ಲ. ಕಾರ್ತಿಕೇಯನ್ ಹೆಸರನ್ನು ಇಲ್ಲಿ ಎಳೆದು ತರುವುದು ಆ ಹೆಸರಿಗೆ ಅನ್ಯಾಯ.

ಊರ ಬೀದಿಯಲ್ಲಿ ಪಂದ್ಯ ನಡೆಯಬಾರದೆಂದಲ್ಲ. ಚೆನ್ನೈಯ ಐಲೆಂಡ್ ಮೈದಾನದ ಸುತ್ತಲ ಮೂರೂವರೆ ಕಿಲೋಮೀಟರ್ ರಸ್ತೆಯಲ್ಲಿ 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ರಾತ್ರಿ ಪಂದ್ಯವೇ ನಡೆಯಿತು. ಬೇಲಿ ಕಟ್ಟಿ, ಜನರನ್ನು ದೂರವಿಟ್ಟು, ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಮೇಲೂ ದಾರಿ ಸುರಕ್ಷಿತವೆಂಬ ಪ್ರಮಾಣಪತ್ರ ಕೈಗೆ ಬರುವವರೆಗೆ ಮೊದಲ ದಿನ ಕಾಯಬೇಕಾಯಿತು. ಇಷ್ಟೆಲ್ಲ ಮಾಡಿದರೂ ದಾರಿ ಮೋಸ ಮಾಡಬಲ್ಲದು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರ‍್ಯಾಲಿಗೆಂದು ಮುಚ್ಚಿದ್ದ ರಸ್ತೆಗೆ ಬೈಕೊಂದು ಬಂದು, ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಮುಚ್ಚಿದ ರಸ್ತೆಯ ಗತಿ ಇದಾದರೆ ತೆರೆದ ರಸ್ತೆಯ ಮಾತೇನು?

ಇದಿಷ್ಟನ್ನು ನೆರೂಳಿನ ಹುಡುಗನಿಗೆ ಇನ್ನೊಂದು ದಿನ ಹೇಳಿದೆವು. ಆತನಿಗೆ ಹಿಡಿಸಿದ್ದು ಒಂದೇ, ಪಕ್ಕದವನು ಓದುವ ಪುಸ್ತಕದ ವಿಚಾರ. ಕಳೆದ ಮಳೆಗಾಲದಲ್ಲಿ ಬೇಲಾಪುರದ ಒಂದು ಸಮಾರಂಭ ಮುಗಿದು ಹೊತ್ತಾಗಿದ್ದರಿಂದ ಅವನ ತಂದೆ ನಮ್ಮನ್ನು ತಮ್ಮ ಕಾರಿನಲ್ಲಿ ಡೊಂಬಿವಲಿಗೆ ಬಿಡಲು ಹೊರಟರು. ಹುಡುಗ ಮುಂದೆ ಕುಳಿತ. ಶಿಳ್‌ಫಾಟಾ ದಾಟಿದ್ದೇ ತಡ, ಅವನ ಓದು ಶುರುವಾಯಿತು. "ಎಡಕ್ಕೆ ಗುಂಡಿ, ಮೂವತ್ತು. ಬಲಕ್ಕೆ ರಿಕ್ಷಾ, ನಿಂತಿದೆ. ನೇರ ಐವತ್ತು, ನೀರು ನಿಂತಿದೆ, ಆಳ ಗೊತ್ತಿಲ್ಲ."

"ಆಳ ಗೊತ್ತಿಲ್ಲ ಅಂದ್ರೆ ನಾನು ಹೋಗೋದಿಲ್ಲಪ್ಪ" ಎಂದು ತಂದೆ ಕಾರನ್ನು ಬದಿಗೆ ನಿಲ್ಲಿಸಿದರು. ಹಿಂದಿನಿಂದ ಒಂದು ಟೆಂಪೊ ಬಂತು, ನೀರಿಗೆ ಇಳಿಯಿತು. ಚಕ್ರದ ಅರ್ಧಕ್ಕೆ ನೀರು ಬಂದದ್ದನ್ನು ಮೂವರೂ ಕಂಡೆವು. ಹುಡುಗ ಅದನ್ನು ತನ್ನ ಮೊಬೈಲಿನಲ್ಲಿ ಬರೆದುಕೊಂಡ.